ಮದ್ದಳೆಯ ದನಿಗೆ ಕಿವಿಗೊಟ್ಟ ವಿಜ್ಞಾನಿ

ಮಕ್ಕಳೇ, ಒಂದು ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಗೆ ಶಬ್ದದ ಪಾಠ ಮಾಡಲು ಹೋಗಿದ್ದೆ. ಮಾಸ್ತಿಕಟ್ಟೆಯ ಕಡೆಯ ಮಳೆ ಎಂಥದ್ದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಹೆಂಚಿನ ಮೇಲೆ ಅದು ಹೊಯ್ಯತೊಡಗಿದರೆ ಮೇಷ್ಟ್ರ ಮಾತು ಎರಡನೇ ಸಾಲಿಗೂ ತಲುಪುವುದಿಲ್ಲ. ಆದ್ದರಿಂದ ಮಾತು ನಿಲ್ಲಿಸಿ, ಚೀಲದಲ್ಲಿದ್ದ ಎರಡು ಹೆಡ್‌ಫೋನ್‌ಗಳನ್ನು ಮೇಜಿನ ಮೇಲಿಟ್ಟೆ. ಎರಡೂ ಕಿವಿಯನ್ನು ಪೂರ್ತಿ ಮುಚ್ಚುವಂಥವು, ಗಾತ್ರದಲ್ಲಿ ಸರಿಸಮ. ಒಂದು ಹೊಸದು, ಫಳಫಳ ಹೊಳೆಯುವಂಥದ್ದು, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಇನ್ನೊಂದು ಹಳೆಯದು. ಅದರ ವೈರಿಗೆ ಎರಡು ಕಡೆ ಟೇಪು ಸುತ್ತಿತ್ತು, ಕಿವಿಯ ಮೆತ್ತೆ ಬಿರುಕು ಬಿಟ್ಟಿತ್ತು.

ಎರಡರಲ್ಲೂ ಒಂದೇ ಯಕ್ಷಗಾನದ ಪದವನ್ನು ಕೇಳಿಸಿ, ಯಾವುದರ ಧ್ವನಿ ಚೆನ್ನಾಗಿದೆ ಎಂದು ಕೇಳಿದೆ. ಏಳನೇ ತರಗತಿಯ ಬಹುಪಾಲು ಮಕ್ಕಳು ಹೊಸದರ ಕಡೆ ಕೈ ಎತ್ತಿದರು. ಕೊನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಹಳೆಯದನ್ನು ತೋರಿಸಿದಳು. ಅದರಲ್ಲಿ ಮದ್ದಳೆಯು ಮದ್ದಳೆಯ ಹಾಗೇ ಕೇಳುತ್ತದೆ, ಹೊಸದರಲ್ಲಿ ಯಾರೋ ಡಬ್ಬ ಬಡಿದ ಹಾಗೆ ಕೇಳುತ್ತದೆ ಎಂದಳು. ಅವಳ ಅಜ್ಜ ಮೇಳದಲ್ಲಿ ಮದ್ದಳೆ ಬಾರಿಸಿದವರಂತೆ. ಉಳಿದವರು ನಕ್ಕರು. ಹುಡುಗಿ ತಲೆ ತಗ್ಗಿಸಿ ಕುಳಿತುಬಿಟ್ಟಳು.

ಅವಳ ಕಿವಿ ಸರಿಯೋ, ಉಳಿದವರ ಕಿವಿ ಸರಿಯೋ? ಇದನ್ನು ಕೈ ಎಣಿಸಿ ತೀರ್ಮಾನಿಸಲು ಬರುವುದಿಲ್ಲ. ಹಾಗಾದರೆ ಹೇಗೆ ತೀರ್ಮಾನಿಸುವುದು? ಸುಮಾರು ನೂರು ವರ್ಷಗಳ ಹಿಂದೆ ಒಬ್ಬ ವಿಜ್ಞಾನಿಗೆ ಇಂಥದೇ ಪ್ರಶ್ನೆ ಎದುರಾಗಿತ್ತು. ಪುಸ್ತಕಗಳು ಒಂದು ಹೇಳುತ್ತಿದ್ದವು, ಅವರ ಕಿವಿ ಇನ್ನೊಂದು ಹೇಳುತ್ತಿತ್ತು. ಅವರೇ ಸರ್ ಸಿ.ವಿ. ರಾಮನ್. ರಾಮನ್ ಎಂದ ಕೂಡಲೇ ನಿಮಗೆ ಬೆಳಕು, ನೊಬೆಲ್ ಪ್ರಶಸ್ತಿ, ಫೆಬ್ರವರಿ 28ರ ವಿಜ್ಞಾನ ದಿನಾಚರಣೆ ನೆನಪಾಗುತ್ತವೆ. ಆದರೆ ಬೆಳಕಿಗೆ ಹೆಸರಾಗುವ ಮೊದಲು ಅವರು ಹತ್ತಾರು ವರ್ಷ ಬೆನ್ನು ಹತ್ತಿದ್ದು ಮುಖ್ಯವಾಗಿ ಶಬ್ದವನ್ನು.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತವಿಜ್ಞಾನಗಳನ್ನು ಕಲಿಸುತ್ತಿದ್ದರು. ಮನೆಯಲ್ಲಿ ಪಿಟೀಲನ್ನೂ ನುಡಿಸುತ್ತಿದ್ದರು. ಒಂದೇ ಮನೆಯಲ್ಲಿ ಪಿಟೀಲೂ ಇತ್ತು, ಭೌತವಿಜ್ಞಾನದ ಪುಸ್ತಕಗಳೂ ಇದ್ದವು. ಹುಡುಗ ಎರಡನ್ನೂ ಬಿಡಲಿಲ್ಲ. 11ನೇ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ.

ಎಳೆಯ ವಯಸ್ಸಿನಲ್ಲಿ ಅವರ ಮನಸ್ಸನ್ನು ಹಿಡಿದ ಪುಸ್ತಕಗಳಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬರೆದ, ಸ್ವರಗಳನ್ನು ನಮ್ಮ ಕಿವಿ ಹೇಗೆ ಗ್ರಹಿಸುತ್ತದೆ ಎಂಬುದರ ಕುರಿತ ದಪ್ಪ ಗ್ರಂಥವೂ ಒಂದು. ಅದರ ಮುಖ್ಯ ವಿಚಾರ ನಿಮಗೂ ತಿಳಿದಿರಲಿ. ಹಾರ್ಮೋನಿಯಂನಲ್ಲೂ ಕೊಳಲಿನಲ್ಲೂ ಪಿಟೀಲಿನಲ್ಲೂ ಒಂದೇ 'ಸ' ನುಡಿಸಿದರೂ, ಕಣ್ಣು ಮುಚ್ಚಿಕೊಂಡೇ ನೀವು ಇದು ಕೊಳಲು, ಇದು ಪಿಟೀಲು ಎಂದು ಹೇಳಬಲ್ಲಿರಿ, ಅಲ್ಲವೇ? ಅದು ಹೇಗೆ? ತಂತಿಯೊಂದು ಸೆಕೆಂಡಿಗೆ 200 ಸಲ ಕಂಪಿಸುತ್ತಿದೆ ಎನ್ನೋಣ. ಅದು ಇಡಿಯಾಗಿ ಕಂಪಿಸುವಾಗಲೇ ಎರಡು ಭಾಗವಾಗಿ 400 ಸಲ, ಮೂರು ಭಾಗವಾಗಿ 600 ಸಲ, ಹೀಗೆ ಒಟ್ಟೊಟ್ಟಿಗೇ ಕಂಪಿಸುತ್ತಿರುತ್ತದೆ. 200 ಮೂಲಸ್ವರ. ಉಳಿದವನ್ನು ಮೇಲ್ಸ್ವರಗಳು ಎನ್ನೋಣ. ಯಾವ ಮೇಲ್ಸ್ವರ ಎಷ್ಟು ಪಾಲು ಬೆರೆತಿದೆ ಎಂಬುದರ ಮೇಲೆ ವಾದ್ಯದ ನಾದಗುಣ ನಿಂತಿದೆ. ಸಾರಿಗೆ ಹುಳಿ, ಖಾರ, ಉಪ್ಪು ಬೀಳುವ ಪ್ರಮಾಣದಿಂದ ಒಂದೊಂದು ಮನೆಯ ಸಾರಿಗೆ ಒಂದೊಂದು ರುಚಿ ಬರುವ ಹಾಗೆ.

1907ರಲ್ಲಿ ರಾಮನ್ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಕಲ್ಕತ್ತಾದಲ್ಲಿ ದೊಡ್ಡ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿಯವರೊಡನೆ ಮದುವೆಯೂ ಆಯಿತು. ಅವರು ವೀಣೆ ಬಲ್ಲವರು. ಒಂದು ದಿನ ಟ್ರಾಮ್ ಗಾಡಿಯಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಅಭಿವೃದ್ಧಿ ಸಂಘದ ಫಲಕ ಅವರ ಕಣ್ಣಿಗೆ ಬಿತ್ತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬವರು 1876ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಒಳಗೆ ಪ್ರಯೋಗಶಾಲೆ ಇತ್ತು, ಪ್ರಯೋಗ ಮಾಡುವವರು ಇರಲಿಲ್ಲ. ಅಂದಿನಿಂದ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ, ಸಂಜೆ ಕಚೇರಿ ಬಿಟ್ಟ ಮೇಲೆ ರಾಮನ್ ಅಲ್ಲಿರುತ್ತಿದ್ದರು. ಜೊತೆಗಿದ್ದ ಸಹಾಯಕ ಆಶುತೋಷ್ ಡೇ ಒಬ್ಬರೇ. ದುಬಾರಿ ಉಪಕರಣಗಳಿಗೆ ಹಣವಿರಲಿಲ್ಲ. ತಂತಿಗೆ, ಪಿಟೀಲಿಗೆ, ಏಕತಾರಿಗೆ ಅಷ್ಟೇನೂ ಹಣ ಬೇಡವಲ್ಲ! ತತ್ತ್ವಪದ ಹಾಡುವವರ ಕೈಯಲ್ಲಿ ನೀವು ನೋಡಿರುವ ಆ ಏಕತಾರಿಯ ಮೇಲೆ ರಾಮನ್ 1909ರಲ್ಲೇ ಲೇಖನ ಬರೆದಿದ್ದಾರೆ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾಗಿ, 1911ರಲ್ಲಿ ಮತ್ತೆ ಕಲ್ಕತ್ತಾಕ್ಕೆ ಬಂದರು.

ಪಿಟೀಲಿನ ಕೆಲಸದಲ್ಲಿ ಅವರಿಗೆ ಒಂದು ತೊಡಕು ಎದುರಾಯಿತು. ಕಮಾನಿನ ಒತ್ತಡ ಬದಲಾದರೆ ದನಿ ಹೇಗೆ ಬದಲಾಗುತ್ತದೆ, ವೇಗ ಬದಲಾದರೆ ಹೇಗೆ ಎಂದು ತಿಳಿಯಬೇಕಿತ್ತು. ಆದರೆ ಮನುಷ್ಯನ ಕೈ ಒಂದೇ ಹದದಲ್ಲಿ ನಿಲ್ಲುವುದಿಲ್ಲ. ವೇಗ ಹೆಚ್ಚಿಸಹೊರಟರೆ ಅರಿವಿಲ್ಲದೆ ಒತ್ತಡವೂ ಹೆಚ್ಚುತ್ತದೆ. ಆಗ ದನಿಯಲ್ಲಿ ಕಂಡ ಬದಲಾವಣೆ ಯಾವುದರಿಂದ ಬಂತು? ಹೇಳಲಾಗದು. ಅದಕ್ಕಾಗಿ ರಾಮನ್ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ವೇಗವನ್ನು ಹಾಗೇ ಇಟ್ಟು ಒತ್ತಡವನ್ನಷ್ಟೇ ಬದಲಿಸುವುದು, ಒತ್ತಡವನ್ನು ಹಾಗೇ ಇಟ್ಟು ವೇಗವನ್ನಷ್ಟೇ ಬದಲಿಸುವುದು ಇದರಿಂದ ಸಾಧ್ಯವಾಯಿತು. ಈ ಯಂತ್ರದ ಪ್ರಯೋಗಗಳು 1920ರಲ್ಲಿ ಪ್ರಕಟವಾದವು. ನನ್ನನ್ನು ಕೇಳಿದರೆ ಅವರ ಶಬ್ದದ ಕೆಲಸಗಳಲ್ಲಿ ಶಾಲೆಯ ಮಕ್ಕಳು ಮೊದಲು ತಿಳಿಯಬೇಕಾದದ್ದು ಇದನ್ನೇ. ಮುಂದೆ ಹೆಡ್‌ಫೋನ್‌ಗೆ ಬಂದಾಗ ಈ ಯಂತ್ರವನ್ನು ನೆನಪಿಸಿಕೊಳ್ಳಿ.

ಪಿಟೀಲಿನ ಜಾತಿಯ ದೊಡ್ಡ ವಾದ್ಯಗಳಲ್ಲಿ ಇನ್ನೊಂದು ವಿಚಿತ್ರವಿದೆ. ಎಲ್ಲ ಸ್ವರಗಳೂ ಚೆನ್ನಾಗಿ ಬರುತ್ತಿರುತ್ತವೆ. ಯಾವುದೋ ಒಂದು ಸ್ವರಕ್ಕೆ ಬಂದಾಗ ಮಾತ್ರ ವಾದ್ಯ ತೋಳದಂತೆ ಊಳಿಡುತ್ತದೆ. ಅದಕ್ಕೆ ಪಾಶ್ಚಾತ್ಯರು ತೋಳಸ್ವರ ಎಂದೇ ಹೆಸರಿಟ್ಟಿದ್ದಾರೆ. ವಾದ್ಯದ ಮರದ ಒಡಲಿಗೆ ತನ್ನದೇ ಆದ ಒಂದು ಕಂಪನ ಇರುತ್ತದೆ. ತಂತಿಯ ಕಂಪನ ಅದಕ್ಕೆ ಹೊಂದಿಬಿಟ್ಟರೆ ಒಡಲು ವಿಪರೀತ ಅಲುಗಿ, ತಂತಿಯ ಸ್ಥಿರ ಕಂಪನವನ್ನೇ ಕೆಡಿಸುತ್ತದೆ. ರಾಮನ್ ಇದನ್ನೂ 1916ರ ಸುಮಾರಿಗೆ ವಿವರವಾಗಿ ಅಭ್ಯಾಸ ಮಾಡಿದರು.

1917ರಲ್ಲಿ ಕೈತುಂಬ ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು, ಅದಕ್ಕಿಂತ ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಈಗ ಹಗಲೂ ಅವರದೇ, ರಾತ್ರಿಯೂ ಅವರದೇ.

ಇನ್ನು ಮದ್ದಳೆ, ಮೃದಂಗಗಳ ವಿಚಾರ. ಚರ್ಮವಾದ್ಯಗಳಿಂದ ಹದವಾದ ಸ್ವರ ಹೊರಡುವುದು ಕಷ್ಟ ಎಂದು ಆಗಿನ ಪುಸ್ತಕಗಳು ಲೆಕ್ಕ ಸಮೇತ ತೋರಿಸಿದ್ದವು. ಲೆಕ್ಕ ತಪ್ಪಾಗಿರಲಿಲ್ಲ. ಎಲ್ಲ ಕಡೆ ಒಂದೇ ದಪ್ಪವಿರುವ ಚರ್ಮವನ್ನು ಬಿಗಿದು ಬಾರಿಸಿದರೆ, ಮೂಲಸ್ವರ ಸೆಕೆಂಡಿಗೆ 100 ಕಂಪನಗಳಾಗಿದ್ದಲ್ಲಿ ಮೇಲ್ಸ್ವರಗಳು ಸುಮಾರು 159, 214, 230, 265 ಹೀಗೆ ಇರುತ್ತವೆ. ತಂತಿಯಲ್ಲಿ 100, 200, 300 ಎಂದು ಸಾಲಾಗಿ ನಿಂತಂತೆ ಇವು ನಿಲ್ಲುವುದಿಲ್ಲ. ಒಂದಕ್ಕೊಂದು ಹೊಂದದೆ ಕಿವಿಗೆ ಬರೀ ಸದ್ದಾಗಿ ಕೇಳುತ್ತವೆ. ಆದರೆ ಮೃದಂಗವನ್ನು ಗಾಯಕರ ಶ್ರುತಿಗೆ ಕೂಡಿಸುತ್ತಾರೆ! ಅದರ ಬಲಗಡೆಯಿಂದ ಸ್ಪಷ್ಟವಾದ ಸ್ವರ ಹೊರಡುವುದನ್ನು ರಾಮನ್ ಚಿಕ್ಕಂದಿನಿಂದ ಕೇಳಿದ್ದಾರೆ. ಪುಸ್ತಕವನ್ನು ನಂಬುವುದೋ, ಕಿವಿಯನ್ನೋ?

ರಾಮನ್ ಎರಡನ್ನೂ ಹಾಗೇ ನಂಬಲಿಲ್ಲ. ಮೃದಂಗವನ್ನೇ ಎದುರಿಗಿಟ್ಟುಕೊಂಡರು. ಅದರ ಬಲಗಡೆಯ ಚರ್ಮದ ನಡುವೆ ಕಪ್ಪಾದ ದುಂಡನೆಯ ಕರಣೆ ಇರುವುದನ್ನು ನೀವು ನೋಡಿದ್ದೀರಿ. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರದ ಮೇಲೆ ಪದರವಾಗಿ ಹಚ್ಚಿ, ತಿಕ್ಕಿ ಒಣಗಿಸಿ ಅದನ್ನು ಮಾಡುತ್ತಾರೆ. ನಡುವೆ ದಪ್ಪ, ಅಂಚಿಗೆ ಬರುತ್ತ ತೆಳು. ಈ ಭಾರದಿಂದಾಗಿ ಚರ್ಮದ ಮೇಲ್ಸ್ವರಗಳು ಸ್ಥಳ ಬದಲಿಸಿ 200, 300, 400, 500ರ ಹತ್ತಿರ ಬಂದು ನಿಲ್ಲುತ್ತವೆ. ಅಂದರೆ ಚರ್ಮವು ತಂತಿಯಂತೆ ಹಾಡತೊಡಗುತ್ತದೆ. ಸುತ್ತಲಿನ ಅಂಚಿನಲ್ಲಿರುವ ಇನ್ನೊಂದು ಚರ್ಮದ ಬಳೆ ಅದಕ್ಕೂ ಮೇಲಿನ ಬೇಡದ ಸ್ವರಗಳನ್ನು ಅಡಗಿಸುತ್ತದೆ. 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ರಾಮನ್ ಈ ಸಂಗತಿಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪುಸ್ತಕದ ಲೆಕ್ಕ ಬರಿಯ ಚರ್ಮಕ್ಕೆ ಸರಿ. ಕರಣೆ ಹಚ್ಚಿದ ಚರ್ಮವನ್ನು ಆ ಲೆಕ್ಕ ಮಾಡಿದವರು ಎಣಿಸಿಯೇ ಇರಲಿಲ್ಲ. ಕಿವಿಯೊಂದರಿಂದಲೇ ಕರಣೆಯ ಹದ ಕಂಡುಕೊಂಡವರು, ಯಾವ ಕಾಲದವರೋ, ಹೆಸರೇ ಉಳಿಯದ ನಮ್ಮ ವಾದ್ಯ ಮಾಡುವ ಜನ. ರಾಮನ್ ಅವರನ್ನು ಬಹಳ ಮೆಚ್ಚಿಕೊಂಡರು.

1921ರಲ್ಲಿ ವೀಣೆ, ತಂಬೂರಿಗಳ ಮೇಲೆ ಬರೆದರು. ಅವುಗಳ ಕುದುರೆ ಪಿಟೀಲಿನದರಂತೆ ಚೂಪಲ್ಲ, ಅಗಲವಾಗಿ ಬಾಗಿದೆ. ತಂಬೂರಿಯಲ್ಲಿ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸಿಕ್ಕಿಸುತ್ತಾರೆ. ಎಳೆಯನ್ನು ಕೂದಲಷ್ಟು ಸರಿಸಿದರೂ ದನಿ ಬದಲಾಗುತ್ತದೆ. ಮೇಲ್ಸ್ವರಗಳು ತುಂಬಿ ತಂಬೂರಿ ಜೇಂಗುಟ್ಟುವುದು ಈ ಏರ್ಪಾಟಿನಿಂದ ಎಂದು ತೋರಿಸಿದರು. ಅದೇ ವರ್ಷ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸುತ್ತಿಬರುವುದನ್ನು ಪರೀಕ್ಷಿಸಿದರು. ನಮ್ಮ ವಿಜಯಪುರದ ಗೋಲ್ ಗುಂಬಜ್‌ನಲ್ಲೂ ನೀವು ಇದನ್ನು ಕೇಳಬಹುದು. ಮರಳಿ ಬರುವಾಗ ಹಡಗಿನಿಂದ ಕಂಡ ಸಮುದ್ರದ ನೀಲಿ ಅವರನ್ನು ಬೆಳಕಿನ ಕಡೆಗೆ ಎಳೆಯಿತು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಆ ಕಥೆಯನ್ನು ಪ್ರತಿ ಫೆಬ್ರವರಿಯಲ್ಲೂ ಕೇಳುತ್ತೀರಿ, ಇಲ್ಲಿ ಬೇಡ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ನೊಬೆಲ್ ಪಡೆದ ಮೇಲೆ ಮೃದಂಗ ಮರೆತುಹೋಗಿರಬೇಕು ಎನ್ನುತ್ತೀರೇನೋ. ಇಲ್ಲ. 1934ರಲ್ಲಿ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಮೃದಂಗದ ಮೇಲೆ ದೊಡ್ಡ ಲೇಖನ ಬರೆದರು. ಈ ಸಲ ಕಿವಿಗೆ ಕೇಳಿದ್ದನ್ನು ಕಣ್ಣಿಗೂ ಕಾಣಿಸಿದರು. ಚರ್ಮದ ಮೇಲೆ ನುಣುಪಾದ ಮರಳು ಉದುರಿಸಿ ಬಾರಿಸಿದರೆ, ಅಲುಗುವ ಜಾಗದಿಂದ ಮರಳು ಜಿಗಿದು, ಅಲುಗದ ಗೆರೆಗಳಲ್ಲಿ ಸೇರುತ್ತದೆ. ಬೆರಳಿನಿಂದ ಬೇರೆ ಬೇರೆ ಕಡೆ ಮುಟ್ಟಿ ಬಾರಿಸಿದಾಗ ಒಂದೊಂದು ಸ್ವರಕ್ಕೂ ಒಂದೊಂದು ಚಿತ್ರ ಮೂಡುತ್ತದೆ. ಚರ್ಮದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಕೂಡಿಕೊಳ್ಳುತ್ತವೆ ಎಂದು ಹೀಗೆ ತಿಳಿದುಬಂತು. ಅಗಲವಾದ ಡಬ್ಬದ ಬಾಯಿಗೆ ಬಲೂನಿನ ರಬ್ಬರು ಬಿಗಿದು, ಮೇಲೆ ರವೆ ಉದುರಿಸಿ, ಹತ್ತಿರದಲ್ಲಿ ಜೋರಾಗಿ ಬೇರೆ ಬೇರೆ ಸ್ವರ ಹಾಡಿ ನೋಡಿ. ರವೆ ಕುಣಿಯುತ್ತದೆ. ಅಡುಗೆಮನೆಯಿಂದ ರವೆ ತರುವಾಗ ಅಮ್ಮನನ್ನು ಕೇಳಿ.

1937ರಲ್ಲಿ ಭಿನ್ನಾಭಿಪ್ರಾಯಗಳಿಂದಾಗಿ ನಿರ್ದೇಶಕ ಹುದ್ದೆಯನ್ನು ಬಿಟ್ಟರೂ, 1948ರವರೆಗೆ ಅಲ್ಲೇ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆಮೇಲೆ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1954ರಲ್ಲಿ ಭಾರತರತ್ನ ಬಂತು. ಅದೇ 1954ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ್ ಸೋಂಧಿ ಎಂಬ ಇಬ್ಬರು ರಾಮನ್ ಕಂಡದ್ದನ್ನು ಗಣಿತದಿಂದ ಲೆಕ್ಕ ಹಾಕಿ ತೋರಿಸಿದರು. ಸೋಂಧಿಯವರು ಮುಂದೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, ದೂರವಾಣಿಯಲ್ಲಿ ನಮ್ಮ ಮಾತೇ ನಮಗೆ ಮರಳಿ ಕೇಳುವ ಕಿರಿಕಿರಿಯನ್ನು ಅಳಿಸುವ ಉಪಾಯವನ್ನು ರೂಪಿಸಿದವರಲ್ಲಿ ಒಬ್ಬರಾದರು. ಬೆಂಗಳೂರಿನಲ್ಲಿ ಮೃದಂಗದ ಲೆಕ್ಕ ಮಾಡಿದವರು ಫೋನಿನ ದನಿಯನ್ನು ತಿಳಿಗೊಳಿಸಲು ನೆರವಾದರು ನೋಡಿ!

ಪ್ರತಿ ವರ್ಷ ಅಕ್ಟೋಬರ್ 2ರಂದು ರಾಮನ್ ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರ ಉಪನ್ಯಾಸವೇ ಕೊನೆಯದಾಯಿತು. ಆಗ ಅವರಿಗೆ ಹೆಚ್ಚುಕಡಿಮೆ 82 ವರ್ಷ. ಆರಿಸಿಕೊಂಡ ವಿಷಯ, ಕಿವಿಯೊಳಗಿನ ಶಂಖದಂಥ ಕಾಕ್ಲಿಯ ಮತ್ತು ನಾವು ಶಬ್ದವನ್ನು ಗ್ರಹಿಸುವ ಬಗೆ. ಆ ತಿಂಗಳ ಕೊನೆಗೆ ಪ್ರಯೋಗಶಾಲೆಯಲ್ಲಿ ಕುಸಿದರು. ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಈಗ ಮಾಸ್ತಿಕಟ್ಟೆಗೆ ಮರಳೋಣ. ಹೆಡ್‌ಫೋನ್ ಬಿಚ್ಚಿದರೆ ಒಳಗೆ ಏನಿರುತ್ತದೆ? ಒಂದು ಅಯಸ್ಕಾಂತ, ತೆಳು ತಂತಿಯ ಒಂದು ಸುರುಳಿ, ಅದಕ್ಕೆ ಅಂಟಿದ ತೆಳುವಾದ ದುಂಡು ಪೊರೆ. ವಿದ್ಯುತ್ತು ಏರಿಳಿದಂತೆ ಸುರುಳಿ ಅಲುಗುತ್ತದೆ, ಪೊರೆಯೂ ಅಲುಗುತ್ತದೆ. ಅಂದರೆ ಅದೂ ಒಂದು ಪುಟ್ಟ ಚರ್ಮವಾದ್ಯವೇ. ಒಂದು ದೊಡ್ಡ ವ್ಯತ್ಯಾಸವಿದೆ. ಮದ್ದಳೆಗೆ ತನ್ನದೇ ಆದ ದನಿ ಇರಬೇಕು. ಹೆಡ್‌ಫೋನಿನ ಪೊರೆಗೆ ತನ್ನ ದನಿ ಇರಬಾರದು. ಮದ್ದಳೆ ಬಂದರೆ ಮದ್ದಳೆಯ ಹಾಗೆ, ಭಾಗವತರು ಹಾಡಿದರೆ ಭಾಗವತರ ಹಾಗೆ ಅಲುಗಬೇಕು. ತಾನೇ ಗುಂಯ್‌ಗುಟ್ಟಿದರೆ ಅದು ತೋಳಸ್ವರದ ತಮ್ಮನೇ ಸರಿ.

ರಾಮನ್ನರ ಪಿಟೀಲಿನ ಯಂತ್ರ ನೆನಪಿದೆಯೇ? ನಮ್ಮ ತರಗತಿಯ ಮೊದಲ ಪರೀಕ್ಷೆಯಲ್ಲಿ ಒಂದನ್ನಷ್ಟೇ ಬದಲಿಸಿದೆವೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಹೊಸದರ ದನಿ ಜೋರಾಗಿತ್ತು. ನಮ್ಮ ಕಿವಿಯ ಸ್ವಭಾವ ಹೇಗೆಂದರೆ, ಎರಡರಲ್ಲಿ ತುಸು ಜೋರಾದದ್ದೇ ಚೆನ್ನಾಗಿದೆ ಎನ್ನಿಸುತ್ತದೆ. ಸಣ್ಣ ದನಿಯಲ್ಲಿ ತಗ್ಗು ಸ್ವರಗಳು ಕಿವಿಗೆ ಸರಿಯಾಗಿ ಮುಟ್ಟುವುದಿಲ್ಲ. ದನಿ ಏರಿಸಿದರೆ ಅವು ತುಂಬಿಕೊಳ್ಳುತ್ತವೆ. (ಇದೇ ಆಸೆಗೆ ದನಿ ಏರಿಸುತ್ತ ಹೋಗಬೇಡಿ. ಮಕ್ಕಳ ಕಿವಿಗೆ 75 ಡೆಸಿಬೆಲ್‌ನಷ್ಟು ದನಿಯಾದರೂ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವಿದೆ.) ಅಲ್ಲದೆ ಬೆಲೆಯ ಚೀಟಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಎರಡನ್ನೂ ಮೊಬೈಲಿನ ಡೆಸಿಬೆಲ್ ಅಳೆಯುವ ಆ್ಯಪ್ ಇಟ್ಟು ಒಂದೇ ಮಟ್ಟಕ್ಕೆ ತಂದೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಕಟ್ಟಿ ಕೂರಿಸಿ, ಹೆಡ್‌ಫೋನನ್ನು ನಾನೇ ಹಿಡಿದೆ. ಈ ಸಲ ಹೊಸದಕ್ಕೆ ಬಂದ ಕೈಗಳು ಅರ್ಧಕ್ಕೆ ಇಳಿದವು. ಕೆಲವರು ವ್ಯತ್ಯಾಸವೇ ತಿಳಿಯುವುದಿಲ್ಲ ಎಂದರು. ಅದೂ ಒಂದು ಉತ್ತರವೇ. ಆ ಹುಡುಗಿಗೆ ಮಾತ್ರ ಹತ್ತು ಸಲ ಅದಲು ಬದಲು ಮಾಡಿ ಕೇಳಿಸಿದರೂ ಒಂಬತ್ತು ಸಲ ಹಳೆಯದು ಯಾವುದೆಂದು ಹೇಳಿದಳು. ಆಗ ಯಾರೂ ನಗಲಿಲ್ಲ.

ಬೇರೆ ಎಂದು ಗುರುತಿಸುವುದು ಒಂದು, ಯಾವುದು ನಿಜದ ಹತ್ತಿರ ಎಂದು ಹೇಳುವುದು ಇನ್ನೊಂದು. ಅದಕ್ಕೆ ನಿಜವಾದ ಮದ್ದಳೆಯೇ ಬೇಕು. ಮುಂದಿನ ವಾರ ಹುಡುಗಿಯ ಮನೆಯಿಂದ ಅಜ್ಜನ ಮದ್ದಳೆ ಬಂತು, ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಸುತ್ತಿಕೊಂಡು. ಅದನ್ನು ಬಾರಿಸಿ ಮೊಬೈಲಿನಲ್ಲಿ ಮುದ್ರಿಸಿ, ಒಮ್ಮೆ ನಿಜವಾದದ್ದು, ಒಮ್ಮೆ ಹೆಡ್‌ಫೋನಿನದು ಎಂದು ಕೇಳುತ್ತ ಬಂದೆವು. ಹೊಸದು ಮದ್ದಳೆಯಲ್ಲಿ ಇಲ್ಲದ ಗುಂಯ್ ಎಂಬ ತಗ್ಗುದನಿಯನ್ನು ಸೇರಿಸುತ್ತಿತ್ತು. ಬಲಗಡೆಯ ಪೆಟ್ಟು ಹಳೆಯದರಲ್ಲೇ ಸ್ವಚ್ಛವಾಗಿತ್ತು. ಆದರೆ ಎಡಗಡೆಯ ತಗ್ಗುದನಿ ಅದರಲ್ಲಿ ತೆಳುವಾಗಿ, ಅಗಸೆ ಬಾಗಿಲಿನಾಚೆ ಬಾರಿಸಿದಂತೆ ಕೇಳುತ್ತಿತ್ತು. ಹುಡುಗಿ ಇದನ್ನು ಒಪ್ಪಿಕೊಂಡಳು, ಸ್ವಲ್ಪ ಬೇಸರದಿಂದಲೇ.

ಆಮೇಲೆ ಅವಳು ಹೆಡ್‌ಫೋನನ್ನು ಇನ್ನೊಮ್ಮೆ ಹಾಕಿಕೊಂಡು, ಬಿರುಕು ಬಿಟ್ಟ ಆ ಮೆತ್ತೆಗಳನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿ ಹಿಡಿದಳು. ಬಿರುಕಿನಿಂದ ಸೋರಿಹೋಗುತ್ತಿದ್ದ ತಗ್ಗುದನಿ ಒಳಗೇ ನಿಂತಿತು. ಎಡಗಡೆಯೂ ಬಂತು ಎಂದು ಕೂಗಿ, ಪಕ್ಕದವನ ತಲೆಗೆ ಅದನ್ನು ಹಾಕಿ ತಾನೇ ಒತ್ತಿ ತೋರಿಸಿದಳು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಸಂಜೆ ಬಸ್ಸು ಹಿಡಿಯುವ ಮುನ್ನ ನಾನು ಹಳೆಯ ಹೆಡ್‌ಫೋನಿನ ಮೆತ್ತೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೆ, ಸಾಗರದಲ್ಲಿ ಹೊಸ ಮೆತ್ತೆ ಸಿಗುತ್ತದೆಯೇ ನೋಡಲು.